ಗುರುತ್ವಕೇಂದ್ರ ಯಾರ ಊರಿನಲ್ಲಿದೆ?

ಕೆಲವು ದಿನಗಳ ಹಿಂದೆ ಒಂದು ಸಾಹಿತ್ಯ ಸಮಾರಂಭದಲ್ಲಿ ಕೇಳುಗರ ಸಾಲಿನಲ್ಲಿ ಕುಳಿತಿದ್ದೆ. ಭಾಷಣಕಾರರು ಹೆಸರಾಂತವರು, ಕಂಠ ಒಳ್ಳೆಯದು, ಕೈಯಲ್ಲಿ ಚೀಟಿಯಿಲ್ಲದೆ ಒಂದು ಗಂಟೆ ನಿರರ್ಗಳವಾಗಿ ಮಾತನಾಡಬಲ್ಲವರು. ಮಾತಿನ ಓಘದಲ್ಲಿ ಅವರು, “ಬೆಂಗಳೂರು ಇಂದು ಕರ್ನಾಟಕದ ಗುರುತ್ವಾಕರ್ಷಣ ಕೇಂದ್ರ, ಉಳಿದುದೆಲ್ಲ ಅದರ ಸುತ್ತ ತಿರುಗುತ್ತದೆ” ಎಂದರು. ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿದ್ದ ಹಿರಿಯರೂ ತಟ್ಟಿದರು. ನಾನು ತಟ್ಟಲಿಲ್ಲ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭೌತವಿಜ್ಞಾನ ಹೇಳಿಕೊಟ್ಟವನ ಕೈ ಅಂತಹ ವಾಕ್ಯಕ್ಕೆ ಸುಲಭವಾಗಿ ಮೇಲೇಳುವುದಿಲ್ಲ.

ಹೊರಗೆ ಬಂದಮೇಲೆ ಮಿತ್ರರೊಬ್ಬರಿಗೆ ನನ್ನ ಅಸಮಾಧಾನ ತಿಳಿಸಿದೆ. “ಬಿಡಿ ಮೇಷ್ಟ್ರೇ, ಅದು ಅಲಂಕಾರದ ಮಾತು. ಅದಕ್ಕೆಲ್ಲ ತಕ್ಕಡಿ ಹಿಡಿಯಬಾರದು” ಎಂದು ಅವರು ನಕ್ಕರು. ತಕ್ಕಡಿಯಿಂದ ಹುಟ್ಟಿದ ಮಾತಿಗೇ ತಕ್ಕಡಿ ಹಿಡಿಯಬಾರದೆಂದರೆ ಇನ್ನಾವುದಕ್ಕೆ ಹಿಡಿಯುವುದು? ಆದ್ದರಿಂದ ವಾಚಕರ ಕ್ಷಮೆ ಕೇಳಿಕೊಂಡು ಇಲ್ಲಿ ಹಿಡಿಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಭೌತವಿಜ್ಞಾನದಲ್ಲಿ ಇರುವ ಮಾತು ‘ಗುರುತ್ವಕೇಂದ್ರ’. ಗುರುತ್ವವೆಂದರೆ ಭಾರ, ತೂಕವುಳ್ಳದ್ದಾಗಿರುವಿಕೆ. ನಮ್ಮ ವೈಶೇಷಿಕ ದರ್ಶನಕಾರರು ಗುರುತ್ವವನ್ನು ವಸ್ತುವಿನ ಒಂದು ಗುಣವೆಂದು ಎಣಿಸಿ, ಬೀಳುವಿಕೆಗೆ ಅದನ್ನೇ ಕಾರಣವಾಗಿ ಹೇಳಿದರು. ಲ್ಯಾಟಿನ್ನಿನ ‘ಗ್ರಾವಿಟಾಸ್’ ಎಂಬ ಮಾತಿಗೂ ಮೂಲದಲ್ಲಿ ಭಾರವೆಂದೇ ಅರ್ಥ. ಇದರಲ್ಲಿ ಎಲ್ಲಿಯೂ ಎಳೆತದ ಸೋಂಕಿಲ್ಲ. ಎಳೆಯುವ ಸಂಗತಿಗೆ ನಾವು ‘ಆಕರ್ಷಣ’ ಎಂಬ ಇನ್ನೊಂದು ಮಾತು ಸೇರಿಸಿ ‘ಗುರುತ್ವಾಕರ್ಷಣ’ ಎಂದೆವು. ಅದು ಬೇರೆಯ ಸಂಗತಿ. ನಮ್ಮ ಭಾಷಣಕಾರರು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಅದನ್ನು ಬೆಂಗಳೂರಿನ ತಲೆಯ ಮೇಲೆ ಇಟ್ಟರು.

ಎರಡೂ ಬೇರೆ ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಕ್ರಿಸ್ತಪೂರ್ವ ೨೧೨ರಲ್ಲಿ ತೀರಿಕೊಂಡ ಗ್ರೀಕ್ ಪಂಡಿತ ಆರ್ಕಿಮಿಡೀಸ್ ಸನ್ನೆಕೋಲಿನ ಸಮತೋಲವನ್ನೂ, ತ್ರಿಕೋನ ಮೊದಲಾದ ಆಕೃತಿಗಳ ಭಾರಕೇಂದ್ರವನ್ನೂ ಗಣಿತದಿಂದ ಸಾಧಿಸಿ ಗ್ರಂಥ ಬರೆದಿದ್ದ. ವಸ್ತುಗಳು ಒಂದನ್ನೊಂದು ಎಳೆಯುತ್ತವೆ ಎಂಬ ನಿಯಮವನ್ನು ನ್ಯೂಟನ್ ಪ್ರಕಟಿಸಿದ್ದು ೧೬೮೭ರಲ್ಲಿ. ನಡುವೆ ಸುಮಾರು ೧೯೦೦ ವರ್ಷ. ಎಳೆತದ ನಿಯಮ ಯಾರಿಗೂ ಗೊತ್ತಿಲ್ಲದಿದ್ದಾಗಲೂ ಭಾರಕೇಂದ್ರದ ಲೆಕ್ಕ ತಪ್ಪಿಲ್ಲದೆ ನಡೆಯಿತು. ಏಕೆಂದರೆ ಅದು ಎಳೆಯುವವನ ಹೆಸರಲ್ಲ. ತೂಗಿ ನಿಲ್ಲುವ ಜಾಗದ ಹೆಸರು.

ಇನ್ನು ಬೆಂಗಳೂರಿನ ವಿಚಾರ. ಇದಕ್ಕೆ ಪ್ರಯೋಗಶಾಲೆ ಬೇಡ. ಒಂದು ರಟ್ಟು, ಕತ್ತರಿ, ಗುಂಡುಸೂಜಿ, ದಾರ, ದಾರದ ತುದಿಗೆ ಒಂದು ಕಲ್ಲು, ಇಷ್ಟು ಸಾಕು. ರಟ್ಟಿನ ಮೇಲೆ ಕರ್ನಾಟಕದ ನಕ್ಷೆ ಅಂಟಿಸಿ, ಗಡಿಯ ಉದ್ದಕ್ಕೂ ಕತ್ತರಿಸಿ. ಬೀದರಿನ ಹತ್ತಿರ ಸೂಜಿ ಚುಚ್ಚಿ ಗೋಡೆಗೆ ಸಡಿಲವಾಗಿ ತೂಗಹಾಕಿ; ಅದೇ ಸೂಜಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟು, ದಾರ ಹಾದ ಕಡೆ ಒಂದು ಗೆರೆ ಎಳೆಯಿರಿ. ಆಮೇಲೆ ಕಾರವಾರದ ಹತ್ತಿರ ಚುಚ್ಚಿ ತೂಗಹಾಕಿ, ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳು ಸೇರುವ ಜಾಗವೇ ನಿಮ್ಮ ರಟ್ಟಿನ ಕರ್ನಾಟಕದ ಗುರುತ್ವಕೇಂದ್ರ. ಅಲ್ಲಿಗೆ ಪೆನ್ಸಿಲಿನ ತುದಿ ಕೊಟ್ಟರೆ ಇಡೀ ನಾಡು ಅಲುಗದೆ ನಿಲ್ಲುತ್ತದೆ. ನನ್ನ ವಿದ್ಯಾರ್ಥಿಗಳ ಕೈಯಲ್ಲಿ ಎಷ್ಟೋ ಸಲ ಮಾಡಿಸಿದ್ದೇನೆ. ಆ ಬಿಂದು ನಡುನಾಡಿನಲ್ಲಿ, ದಾವಣಗೆರೆಯ ಕಡೆಗೆ ಎಲ್ಲೋ ಬೀಳುತ್ತದೆ. ಬೆಂಗಳೂರಿನ ಹತ್ತಿರ ಅಂತೂ ಒಂದು ಸಲವೂ ಬಿದ್ದಿಲ್ಲ. ಬೆಂಗಳೂರಿನಲ್ಲಿ ಪೆನ್ಸಿಲು ಇಟ್ಟವರ ನಾಡು ಮಗುಚಿ ನೆಲಕ್ಕೆ ಬಿದ್ದಿದೆ.

“ರಟ್ಟಿನ ಮಾತು ಬೇಡ, ಜನರ ಲೆಕ್ಕ ಹೇಳಿ” ಎನ್ನುವವರುಂಟು. ಆಗಲಿ. ೨೦೧೧ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ ೬ ಕೋಟಿ ೧೧ ಲಕ್ಷ. ಬೆಂಗಳೂರು ನಗರ ಜಿಲ್ಲೆಯದು ೯೬ ಲಕ್ಷ. ಲಕ್ಷಕ್ಕೊಂದರಂತೆ ಅವರೆಕಾಳುಗಳನ್ನು ನಕ್ಷೆಯ ಮೇಲೆ ಆಯಾ ಜಿಲ್ಲೆಯಲ್ಲಿ ಅಂಟಿಸಿರಿ. ಬೆಂಗಳೂರಿನಲ್ಲಿ ೯೬ ಕಾಳಿನ ಗುಡ್ಡೆ ಆಗುತ್ತದೆ, ಒಪ್ಪತಕ್ಕದ್ದೇ. ಆದರೆ ಮಿಕ್ಕ ಕಡೆ ೫೧೫ ಕಾಳು ಹರಡಿವೆ. ಆ ೫೧೫ ಕಾಳುಗಳ ತೂಗುಬಿಂದುವಿನಿಂದ ಬೆಂಗಳೂರಿಗೆ ಇರುವ ದೂರದಲ್ಲಿ ಆರನೆಯ ಒಂದು ಪಾಲಿಗಿಂತಲೂ ತುಸು ಕಡಮೆಯಷ್ಟೇ ಕೇಂದ್ರ ಬೆಂಗಳೂರಿನ ಕಡೆ ಸರಿಯುತ್ತದೆ. ಅಷ್ಟು ದೊಡ್ಡ ಗುಡ್ಡೆಗೆ ದಕ್ಕುವುದು ಅಷ್ಟೇ. ಬೀದರಿನ ಕಾಳು ಒಂದನ್ನು ಕಿತ್ತರೂ ಆ ಬಿಂದು ಅಲುಗುತ್ತದೆ. ಚಾಮರಾಜನಗರದಲ್ಲಿ ಒಂದು ಕಾಳು ಹೆಚ್ಚಿಗೆ ಇಟ್ಟರೂ ಅಲುಗುತ್ತದೆ.

೧೯೫೬ರ ನವೆಂಬರ್ ೧ರಂದು ಕನ್ನಡ ಸೀಮೆಗಳು ಒಂದಾದುವು. ಹಳೆಯ ಮೈಸೂರಿನ ನಕ್ಷೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಗುಲ್ಬರ್ಗ, ರಾಯಚೂರು, ಬೀದರುಗಳು ಬಂದು ಸೇರಿದ ದಿನ ಈ ತೂಗುಬಿಂದು ಉತ್ತರಕ್ಕೆ ಬಹುದೂರ ಸರಿಯಿತು. ಬೆಂಗಳೂರು ತನ್ನ ಜಾಗದಲ್ಲಿಯೇ ಇತ್ತು. ರಾಜಧಾನಿ ಬೇರೆ, ಗುರುತ್ವಕೇಂದ್ರ ಬೇರೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಪಾಠ ನನಗೆ ಸಿಕ್ಕಿಲ್ಲ.

ಹಾಗಾದರೆ ಆ ವಾಕ್ಯದಲ್ಲಿ ನನ್ನನ್ನು ಕೆಣಕಿದ್ದು ಏನು? ಭಾಷಣಕಾರರು ಹೇಳಹೊರಟದ್ದು ‘ಬೆಂಗಳೂರು ದೊಡ್ಡದು, ಉಳಿದವು ಅದಕ್ಕೆ ಅಧೀನ’ ಎಂದು. ಅದನ್ನು ಹಾಗೆಯೇ ಹೇಳಿದ್ದರೆ ಯಾರಾದರೂ ಎದ್ದುನಿಂತು ವಾದಿಸುತ್ತಿದ್ದರು. ವಿಜ್ಞಾನದ ಮಾತಿನ ಶಾಲು ಹೊದಿಸಿದ್ದರಿಂದ ಅದು ಪ್ರಕೃತಿಯ ನಿಯಮದಂತೆ ಕೇಳಿಸಿತು, ಚಪ್ಪಾಳೆ ಬಿತ್ತು. ಆದರೆ ನಿಯಮ ಹೇಳುವುದು ನೇರವಾಗಿ ವಿರುದ್ಧವಾದುದನ್ನು. ಗುರುತ್ವಕೇಂದ್ರಕ್ಕೆ ಸ್ವಂತ ಭಾರವಿಲ್ಲ. ಅದು ಯಾರನ್ನೂ ಆಳುವುದಿಲ್ಲ. ಎಲ್ಲ ಭಾಗಗಳೂ ಸೇರಿ ಅದನ್ನು ಗೊತ್ತುಮಾಡುತ್ತವೆ. ಆಕಾಶದಲ್ಲಿಯೂ ಇದೇ ನ್ಯಾಯ. ಭೂಮಿಯ ದ್ರವ್ಯರಾಶಿ ಚಂದ್ರನದರ ೮೧ ಪಟ್ಟು. ಆದರೂ ಭೂಮಿ ಸುಮ್ಮನೆ ನಿಂತು ಚಂದ್ರನನ್ನು ಸುತ್ತಿಸುತ್ತಿಲ್ಲ. ಇಬ್ಬರೂ ಕೂಡಿ, ಇಬ್ಬರಿಗೂ ಸೇರಿದ ಒಂದು ಬಿಂದುವಿನ ಸುತ್ತ ತಿರುಗುತ್ತಾರೆ. ಅದು ಭೂಮಿಯ ನಟ್ಟನಡುವಿನಿಂದ ಸುಮಾರು ೪,೬೭೦ ಕಿಲೋಮೀಟರು ಆಚೆಗಿದೆ. ೮೧ ಪಟ್ಟು ದೊಡ್ಡವನೂ ಚಿಕ್ಕವನಿಗಾಗಿ ಅಷ್ಟು ಓಲಾಡಬೇಕು.

ನನ್ನ ಮಾತಿಗೆ ಎರಡನೆಯ ಆಕ್ಷೇಪಣೆ ಇನ್ನೊಂದು ದಿಕ್ಕಿನಿಂದ ಬಂತು. ಇಂಗ್ಲಿಷಿನಲ್ಲಿ ಓದಿದ ಬಂಧುವೊಬ್ಬರು, “ಇದಕ್ಕೇ ನಾನು ಹೇಳುವುದು, ಕನ್ನಡದಲ್ಲಿ ವಿಜ್ಞಾನ ಆಗದು. ಗುರುತ್ವಕೇಂದ್ರವೆಂದರೆ ಹಳ್ಳಿಯವರು ಯಾವುದೋ ಗುರುಗಳ ಮಠವೆಂದು ತಿಳಿದಾರು” ಎಂದರು. ಹಾಸ್ಯ ಚೆನ್ನಾಗಿದೆ, ವಾದ ಚೆನ್ನಾಗಿಲ್ಲ. ಈ ತಪ್ಪು ಕನ್ನಡದ ತಪ್ಪಲ್ಲ. ಜರ್ಮನ್ ಭಾಷೆಯಲ್ಲಿ ಗುರುತ್ವಕೇಂದ್ರಕ್ಕೆ ‘ಶ್ವೆರ್‌ಪುಂಕ್ಟ್’ ಎನ್ನುತ್ತಾರೆ. ಭಾರದ ಬಿಂದು ಎಂದರ್ಥ. ೧೮೩೨ರಲ್ಲಿ, ತೀರಿಕೊಂಡ ಮರುವರ್ಷ, ಅಚ್ಚಾದ ತನ್ನ ಯುದ್ಧಶಾಸ್ತ್ರದ ಗ್ರಂಥದಲ್ಲಿ ಕ್ಲಾಸ್‌ವಿಟ್ಸ್ ಎಂಬ ಸೇನಾಧಿಕಾರಿ ಈ ಮಾತನ್ನು ಶತ್ರುವಿನ ಬಲದ ಮುಖ್ಯ ನೆಲೆಗೆ ಬಳಸಿದ. ಅಲ್ಲಿಂದೀಚೆಗೆ ಯುದ್ಧದವರೂ ರಾಜಕಾರಣಿಗಳೂ ಅದನ್ನು ಇಂಗ್ಲಿಷಿಗೆ ತಂದು, ಎಲ್ಲಿ ಹೆಚ್ಚು ಬಲವುಂಟೋ ಅಲ್ಲಿ ಗುರುತ್ವಕೇಂದ್ರವುಂಟು ಎನ್ನುವ ರೂಢಿ ಬೆಳೆಸಿದರು. ನಮ್ಮ ಭಾಷಣಕಾರರು ಕನ್ನಡದಿಂದ ಕೆಟ್ಟವರಲ್ಲ. ಇಂಗ್ಲಿಷ್ ಪತ್ರಿಕೆಯನ್ನು ಓದಿ ಕೆಟ್ಟವರು. ಬಂಧುಗಳು ಇದನ್ನು ಗಮನಿಸಬೇಕು.

ಆದರೆ ಹೊರಗಿನವರನ್ನು ಬೈದು ಮುಗಿಸಿದರೆ ಅನ್ಯಾಯವಾಗುತ್ತದೆ. ನಮ್ಮ ಮನೆಯೊಳಗಿನ ತಪ್ಪಿಗೆ ಬರುತ್ತೇನೆ. ನಾವು ಉಪಾಧ್ಯಾಯರು ಈ ಮಾತನ್ನು ಹೇಗೆ ಕಲಿಸಿದೆವು?

ಒಳ್ಳೆಯ ಪುಸ್ತಕದಲ್ಲಿ ವ್ಯಾಖ್ಯೆ ಹೀಗಿರುತ್ತದೆ: ವಸ್ತುವಿನ ಇಡೀ ತೂಕ ಯಾವ ಬಿಂದುವಿನ ಮೂಲಕ ವರ್ತಿಸುತ್ತದೆಂದು ಭಾವಿಸಬಹುದೋ ಅದೇ ಗುರುತ್ವಕೇಂದ್ರ. ಇದರ ಪ್ರಾಣವೆಲ್ಲ ‘ಭಾವಿಸಬಹುದೋ’ ಎಂಬ ಒಂದು ಮಾತಿನಲ್ಲಿದೆ. ವಸ್ತುವಿನ ಕಣಕಣಕ್ಕೂ ತೂಕವುಂಟು. ಲೆಕ್ಕದ ಅನುಕೂಲಕ್ಕಾಗಿ ಅವೆಲ್ಲವನ್ನೂ ಒಂದು ಕಡೆ ಕೂಡಿಸಿದಂತೆ ಎಣಿಸುತ್ತೇವೆ. ಅಂಗಡಿಯ ಶೆಟ್ಟರು ದಿನದ ವ್ಯಾಪಾರವನ್ನು ಒಂದು ಮೊತ್ತವಾಗಿ ಬರೆದಂತೆ. ಮೊತ್ತ ಬರೆದ ಕಾಗದದಲ್ಲಿ ಅಕ್ಕಿಯೂ ಇಲ್ಲ, ಬೇಳೆಯೂ ಇಲ್ಲ. ನಮ್ಮ ಪರೀಕ್ಷೆಯ ಗೈಡುಗಳು ಉದ್ದವಾಯಿತೆಂದು ಆ ಒಂದು ಮಾತನ್ನು ಕತ್ತರಿಸಿ, ‘ಇಡೀ ತೂಕ ಇರುವ ಬಿಂದು’ ಎಂದು ಮಾಡಿದುವು. ಮಕ್ಕಳು ಅದನ್ನೇ ಉರುಹಚ್ಚಿದರು.

ಒಬ್ಬ ಹುಡುಗಿ ಮಾತ್ರ ಹಚ್ಚಲಿಲ್ಲ. ತರಗತಿಯಲ್ಲಿ ಕೈಯಿಂದ ಗಾಜಿನ ಬಳೆ ತೆಗೆದು, “ಸಾರ್, ಇದರ ಗುರುತ್ವಕೇಂದ್ರ ನಟ್ಟನಡುವೆ ತಾನೆ? ಅಲ್ಲಿ ಬರೀ ಗಾಳಿ ಇದೆ. ತೂಕ ಅಲ್ಲಿ ಹೇಗೆ ಇರುತ್ತೆ?” ಎಂದು ಕೇಳಿದಳು. ಆ ವರ್ಷ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಅದು. ಪಬ್ಲಿಕ್ ಪರೀಕ್ಷೆಯಲ್ಲಿ ಅವಳು ಧೈರ್ಯವಾಗಿ, ‘ಗುರುತ್ವಕೇಂದ್ರದಲ್ಲಿ ತೂಕ ಇರಲೇಬೇಕೆಂದಿಲ್ಲ, ಬಳೆಯಲ್ಲಿ ಇಲ್ಲ’ ಎಂದು ಬರೆದು ಬಂದಳು. ಆ ಉತ್ತರಕ್ಕೆ ಸೊನ್ನೆ ಬಿತ್ತು. ತಿದ್ದಿದವರು ಯಾರೋ ನನಗೆ ತಿಳಿಯದು. ಅವರ ಕೈಯಲ್ಲಿದ್ದ ಮಾದರಿ ಉತ್ತರದಲ್ಲಿ ಬಳೆ ಇರಲಿಲ್ಲವೆಂಬುದು ಮಾತ್ರ ತಿಳಿಯುತ್ತದೆ.

ತೂಕ, ದ್ರವ್ಯರಾಶಿ ಎಂಬ ಎರಡನ್ನು ಬೆರಸುವ ತಪ್ಪೂ ಇದರ ಜೊತೆಯದೇ. ದ್ರವ್ಯರಾಶಿ ಎಂದರೆ ವಸ್ತುವಿನಲ್ಲಿ ಇರುವ ದ್ರವ್ಯದ ಮೊತ್ತ. ಅದು ಚಂದ್ರನ ಮೇಲೂ ಅಷ್ಟೇ. ತೂಕ ಎಂದರೆ ಆ ದ್ರವ್ಯವನ್ನು ಭೂಮಿ ಎಳೆಯುವ ಬಲ. ಜಾಗ ಬದಲಾದರೆ ಅದೂ ಬದಲಾಗುತ್ತದೆ. ಆದಕಾರಣ ‘ದ್ರವ್ಯರಾಶಿಯ ಕೇಂದ್ರ’ ಎಂಬುದೊಂದು, ‘ಗುರುತ್ವಕೇಂದ್ರ’ ಎಂಬುದೊಂದು. ನಮ್ಮ ದಿನಬಳಕೆಯ ವಸ್ತುಗಳಲ್ಲಿ ಎರಡೂ ಒಂದೇ ಜಾಗದಲ್ಲಿ ಬೀಳುತ್ತವೆ. ಒಂದು ಕಿಲೋಮೀಟರು ಎತ್ತರದ, ಮೇಲಿಂದ ಕೆಳಗೆ ಒಂದೇ ಸಮನಾದ ಕಂಬವನ್ನು ನಿಲ್ಲಿಸಿದರೂ, ಬುಡಕ್ಕೆ ಎಳೆತ ತುಸು ಹೆಚ್ಚೆಂಬ ಕಾರಣದಿಂದ ಗುರುತ್ವಕೇಂದ್ರ ಇನ್ನೊಂದಕ್ಕಿಂತ ಕೆಳಗಿರುವುದು ಎರಡೂವರೆ ಸೆಂಟಿಮೀಟರಿನಷ್ಟು ಮಾತ್ರ. ಅಂತರ ಚಿಕ್ಕದು, ಅರ್ಥ ಚಿಕ್ಕದಲ್ಲ. ಎಲ್ಲಿ ಎರಡೂ ಒಂದೇ, ಎಲ್ಲಿ ಬೇರೆ ಎಂದು ತಿಳಿದವನು ಮಾತನ್ನು ತಿಳಿದವನು.

“ಇಷ್ಟಕ್ಕೆ ಇಷ್ಟು ಗದ್ದಲವೇಕೆ? ಒಂದು ಅಂಕದ ಪ್ರಶ್ನೆ ತಾನೆ?” ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವಾಗಿ ನನಗೆ ಸಂತೋಷ ತಾರದ ಒಂದು ಸಂಗತಿಯನ್ನು ಹೇಳಬೇಕಾಗಿದೆ.

ನಾನು ಹುಟ್ಟಿದ್ದು ಮಂಡ್ಯದ ಸೀಮೆಯ ಒಂದು ಹಳ್ಳಿಯಲ್ಲಿ. ನಮ್ಮ ಮನೆಯಲ್ಲಿ ಜೋಡಿ ಎತ್ತು, ಒಂದು ಗಾಡಿ ಇದ್ದುವು. ಸಂತೆಗೆ ಹೋಗುವಾಗ ನಾವು ಹುಡುಗರು ಹಿಂದೆ ಗುಂಪುಕಟ್ಟಿ ಕುಳಿತರೆ ಅಪ್ಪ ತಿರುಗಿ ನೋಡದೆಯೇ, “ಮುಂದಕ್ಕೆ ಬನ್ರೋ, ಹಿಂಭಾರ ಆಯ್ತದೆ” ಎನ್ನುತ್ತಿದ್ದ. ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಕೊರಳನ್ನು ಒತ್ತುತ್ತದೆ. ಮುಂಭಾರವಾದರೆ ಹೊರೆಯೆಲ್ಲ ಅವುಗಳ ಹೆಗಲಿಗೆ ಬೀಳುತ್ತದೆ. ದಿಣ್ಣೆ ಹತ್ತುವಾಗ ಅಪ್ಪ ತಾನೇ ಮುಂದಕ್ಕೆ ಸರಿದು ಕೂರುತ್ತಿದ್ದ. ಇಳಿಯುವಾಗ ನಮ್ಮನ್ನು ಹಿಂದಕ್ಕೆ ಕಳಿಸುತ್ತಿದ್ದ. ಭಾರದ ನಡು ಅಚ್ಚಿನ ನೇರಕ್ಕೆ, ತುಸುವೇ ಮುಂದಕ್ಕೆ ಇರಬೇಕೆಂದು ಅವನಿಗೆ ಗೊತ್ತಿತ್ತು. ಗುರುತ್ವಕೇಂದ್ರ ಎಂಬ ಮಾತನ್ನು ಅವನು ಬದುಕಿನಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ನಾನು ಆ ಮಾತನ್ನು ಕಲಿತೆ, ಮಕ್ಕಳಿಗೆ ಹೇಳಿದೆ. ಆದರೆ ಹೇಳಿಕೊಡುವಾಗ ಕರಿಹಲಗೆಯ ಮೇಲೆ ತ್ರಿಕೋನ ಬರೆದೆ, ವೃತ್ತ ಬರೆದೆ. ರಟ್ಟು ಕತ್ತರಿಸಿ ತೂಗಿಸಿದೆ. ಗಾಡಿಯನ್ನು ಬರೆಯಲಿಲ್ಲ. ಅಪ್ಪನ ಹಿಂಭಾರ ಮುಂಭಾರಗಳು ಹಳ್ಳಿಯ ಮಾತುಗಳೆಂದು, ತರಗತಿಯಲ್ಲಿ ಆಡಲು ನನಗೆ ನಾಚಿಕೆ.

ನನ್ನ ಒಬ್ಬ ಶಿಷ್ಯ ಆ ಪ್ರಶ್ನೆಗೆ ಪೂರ್ಣಾಂಕ ತೆಗೆದವನು. ಓದು ಮುಂದುವರಿಯಲಿಲ್ಲ, ಬೇಸಾಯಕ್ಕೆ ನಿಂತ. ಒಂದು ಸಂಜೆ ಕಬ್ಬು ತುಂಬಿದ ಟ್ರಾಕ್ಟರಿನ ಹಿಂದಿನ ಟ್ರೇಲರಿನಲ್ಲಿ, ಹೊರೆಯ ಮೇಲುಗಡೆ ಇನ್ನು ನಾಲ್ವರೊಡನೆ ಕುಳಿತು ನಾಲೆಯ ಏರಿಯ ಮೇಲೆ ಬರುತ್ತಿದ್ದ. ಒಂದು ಗಾಲಿ ಹಳ್ಳಕ್ಕೆ ಇಳಿಯಿತು, ಟ್ರೇಲರು ಮಗುಚಿತು. ಜೀವ ಉಳಿಯಿತು, ಬಲಗಾಲು ಮೊದಲಿನಂತಾಗಲಿಲ್ಲ. ನೋಡಲು ಹೋದಾಗ ಅವನು ಹಾಸಿಗೆಯಿಂದಲೇ ಹೇಳಿದ: “ಮೇಷ್ಟ್ರೇ, ಗುರುತ್ವಕೇಂದ್ರ ನಾನೂ ಬರ್ದಿದ್ದೆ. ಟ್ರೇಲರಿಗೂ ಅದು ಐತೆ ಅಂತ ಯಾರೂ ಹೇಳ್ನಿಲ್ಲ.” ಅವನು ನನ್ನನ್ನು ದೂರಲಿಲ್ಲ. ಆದರೆ ಆ ‘ಯಾರೂ’ ಎಂಬುದರಲ್ಲಿ ಮೊದಲನೆಯವನು ನಾನೇ.

ಲೆಕ್ಕ ಬಹಳ ಕಷ್ಟದ್ದಲ್ಲ. ಎಡಬಲದ ಗಾಲಿಗಳ ನಡುವೆ ಒಂದೂವರೆ ಮೀಟರು ಅಂತರವಿರುವ ಬಂಡಿಯೊಂದನ್ನು ಎಣಿಸಿಕೊಳ್ಳಿ. ಭಾರಕೇಂದ್ರ ನೆಲದಿಂದ ಒಂದು ಮೀಟರು ಎತ್ತರದಲ್ಲಿದ್ದರೆ, ಅದು ಪಕ್ಕಕ್ಕೆ ಸುಮಾರು ೩೭ ಡಿಗ್ರಿ ವಾಲುವವರೆಗೂ ಉರುಳದು. ಹೊರೆಯನ್ನು ಏರಿಸಿ, ಮೇಲೆ ಜನರನ್ನೂ ಕೂರಿಸಿ, ಭಾರಕೇಂದ್ರವನ್ನು ಎರಡು ಮೀಟರಿಗೆ ಎತ್ತಿದರೆ ೨೧ ಡಿಗ್ರಿಗೇ ಉರುಳುತ್ತದೆ. ಓಟದಲ್ಲಿ, ತಿರುವಿನಲ್ಲಿ ಇನ್ನೂ ಬೇಗ. ಭಾರಕೇಂದ್ರದಿಂದ ಇಳಿಬಿಟ್ಟ ದಾರದ ಕಲ್ಲು ಎರಡು ಗಾಲಿಗಳ ನಡುವೆ ಇರುವಷ್ಟು ಹೊತ್ತು ಬಂಡಿ ನಿಲ್ಲುತ್ತದೆ. ಹೊರಗೆ ಬಿದ್ದ ಗಳಿಗೆಗೆ ಮಗುಚುತ್ತದೆ. ರಟ್ಟಿನ ನಕ್ಷೆಗೆ ಇಳಿಬಿಟ್ಟ ದಾರವೇ ಇದು. ಒಂದು ಕಡೆ ಅದು ಅಂಕ. ಇನ್ನೊಂದು ಕಡೆ ಕಾಲು.

ಹಳ್ಳಿಯವರ ಅಜ್ಞಾನವೆಂದು ಯಾರೂ ತಾತ್ಸಾರ ಮಾಡಬೇಕಾಗಿಲ್ಲ. ೧೬೨೮ರ ಆಗಸ್ಟ್ ೧೦ರಂದು ಸ್ವೀಡನ್ ದೇಶದ ರಾಜನ ‘ವಾಸಾ’ ಎಂಬ ಯುದ್ಧನೌಕೆ ಸ್ಟಾಕ್‌ಹೋಮಿನ ಬಂದರಿನಿಂದ ತನ್ನ ಮೊದಲ ಯಾನಕ್ಕೆ ಹೊರಟಿತು. ೬೪ ಫಿರಂಗಿಗಳು, ಮೈತುಂಬ ಕೆತ್ತನೆಯ ಶಿಲ್ಪ. ಮೇಲುಭಾರ ಹೆಚ್ಚು, ತಳದ ಭಾರ ಸಾಲದು. ಹೊರಡುವ ಮುನ್ನ ೩೦ ಮಂದಿ ನಾವಿಕರನ್ನು ಅಟ್ಟದ ಮೇಲೆ ಆ ಪಕ್ಕದಿಂದ ಈ ಪಕ್ಕಕ್ಕೆ ಓಡಿಸಿ ನೋಡಿದ್ದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಹೊಯ್ದಾಡಿದ್ದನ್ನು ಕಂಡು ನೌಕಾಧಿಪತಿ ಪರೀಕ್ಷೆಯನ್ನೇ ನಿಲ್ಲಿಸಿದ. ಸುಮಾರು ೧,೩೦೦ ಮೀಟರು ಸಾಗಿದೊಡನೆ ಗಾಳಿಗೆ ವಾಲಿ ಅದು ಮುಳುಗಿತು. ಸುಮಾರು ೩೦ ಜನ ಸತ್ತರು. ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ೧೯೬೧ರಲ್ಲಿ ಮೇಲಕ್ಕೆತ್ತಿದ ಆ ಹಡಗು ಇಂದು ವಸ್ತುಸಂಗ್ರಹಾಲಯದಲ್ಲಿ ನೋಡುವವರಿಗೆ ಪಾಠವಾಗಿ ನಿಂತಿದೆ. ಶೃಂಗಾರವನ್ನೆಲ್ಲ ತಲೆಯಲ್ಲಿ ಹೊತ್ತು ಬುಡವನ್ನು ಮರೆತದ್ದು ಹಡಗಾದರೇನು, ಭಾಷಣವಾದರೇನು?

ಹಾಗಾದರೆ ಪರಿಹಾರವೇನು? ಮಾತನ್ನೇ ಬದಲಾಯಿಸಬೇಕೆನ್ನುವವರಿದ್ದಾರೆ. ‘ಗುರುತ್ವ’ ಸಂಸ್ಕೃತವೆಂದು ಬಿಸಾಡಿ ಇಂದು ಒಂದು, ನಾಳೆ ಒಂದು ಹೊಸ ಮಾತು ಟಂಕಿಸಿದರೆ ಮಕ್ಕಳು ಹೊಸದನ್ನು ಹಳೆಯದರಂತೆಯೇ ಉರುಹಚ್ಚುತ್ತಾರೆ, ಅಷ್ಟೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ತೊಡಗಿದ ಕಾಲದಿಂದಲೂ ನಮಗೆ ಪರಿಭಾಷೆಯ ಬರ ಅಷ್ಟಾಗಿ ಇಲ್ಲ. ಬರ ಇರುವುದು ಪರಿಭಾಷೆಗೂ ಬಾಳಿಗೂ ನಡುವಣ ಸೇತುವೆಗೆ. ಗುರುತ್ವಕೇಂದ್ರ ಎಂಬ ಮಾತು ಇರಲಿ. ಭಾರಕೇಂದ್ರ ಎಂದರೂ ನನ್ನ ಅಡ್ಡಿಯಿಲ್ಲ. ಆದರೆ ಅದನ್ನು ಕಲಿಸುವ ದಿನ ಮೊದಲು ಹಿಂಭಾರ, ಮುಂಭಾರ, ಮೇಲುಭಾರಗಳನ್ನು ಕಲಿಸಿರಿ. ಸೊಂಟದ ಮೇಲೆ ಬಿಂದಿಗೆ ಇಟ್ಟ ಹೆಂಗಸು ಇನ್ನೊಂದು ಪಕ್ಕಕ್ಕೆ ಏಕೆ ವಾಲುತ್ತಾಳೆಂದು ಕೇಳಿರಿ. ತಂಜಾವೂರಿನ ಬೊಂಬೆಯನ್ನು ಮೇಜಿನ ಮೇಲೆ ತಳ್ಳಿ, ಮತ್ತೆ ಏಕೆ ಎದ್ದುನಿಂತಿತೆಂದು ಕೇಳಿರಿ. ಬಳೆಯನ್ನು ಮರೆಯಬೇಡಿ. ವ್ಯಾಖ್ಯೆ ಕೊನೆಗೆ ಬರಲಿ, ‘ಭಾವಿಸಬಹುದೋ’ ಎಂಬ ಮಾತು ಕತ್ತರಿಗೆ ಸಿಕ್ಕದೆ ಬರಲಿ.

ಇನ್ನು ಭಾಷಣಕಾರರಲ್ಲಿ ಒಂದು ವಿನಂತಿ. ಬೆಂಗಳೂರನ್ನು ಹೊಗಳಲು ಅವರಿಗೆ ಬೇಕಾದಷ್ಟು ಮಾತುಗಳಿವೆ: ರಾಜಧಾನಿ, ಹೆಬ್ಬಾಗಿಲು, ಕಿರೀಟ, ಯಾವುದನ್ನಾದರೂ ಆರಿಸಿಕೊಳ್ಳಲಿ. ಗುರುತ್ವಕೇಂದ್ರವನ್ನು ಮಾತ್ರ ಬಿಟ್ಟುಕೊಡಲಿ. ಅದು ಯಾವ ಒಂದು ಊರಿನ ಸ್ವತ್ತೂ ಅಲ್ಲ. ಎಲ್ಲ ಊರುಗಳೂ ಕೂಡಿ ಹಿಡಿದಿಟ್ಟ ಬಿಂದು. ಗಾಡಿಯಲ್ಲಿ ಎಲ್ಲರೂ ಒಂದೇ ಮೂಲೆಗೆ ಬಂದು ಕುಳಿತರೆ ಏನಾಗುತ್ತದೆಂದು ನಮ್ಮಪ್ಪ, ತಿರುಗಿ ನೋಡದೆಯೇ, ಹೇಳುತ್ತಿದ್ದ.